ಹದಿನೈದನೇ ಪಂಪಿನ ಕುಂಕುಮ

ಐಮಂಗಲದ ಹಾಲಸ್ವಾಮಿಯ ಹತ್ತಿರ ಪಾಸ್‌ಪೋರ್ಟ್ ಇದೆ ಎಂದರೆ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಈಗಲೂ ನಗುತ್ತಾರೆ. ನಗಲಿ ಬಿಡಿ, ನಗುವವರಿಗೇನು ಕೆಲಸ. ಆ ಪುಸ್ತಕದಲ್ಲಿ ಆಫ್ರಿಕಾದ ಠಸ್ಸೆ ಬಿದ್ದಿರುವುದು ಸುಳ್ಳಲ್ಲ. ಅದನ್ನವನು ಟ್ರಂಕಿನಲ್ಲಿ, ತನ್ನ ಅಪ್ಪನ ಕಂಬಳಿಯ ಮಡಿಕೆಯೊಳಗೆ ಇಟ್ಟಿರುವುದೂ ಸುಳ್ಳಲ್ಲ. ವಯಸ್ಸು ಐವತ್ತಾರು. ಕುಳ್ಳು, ಗಟ್ಟಿ ಮುಂಗೈ. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಎಷ್ಟೋ ವರ್ಷದ ಹಿಂದೆ ಕಬ್ಬಿಣದ ಪೈಪು ಜಾರಿ ಜಜ್ಜಿಹೋಯಿತು. ಮಾತು ಬಹಳ ಕಡಿಮೆ. ಟೀ ಕುಡಿದು ಎದ್ದುಹೋದರೆ ಬಂದಿದ್ದನೋ ಇಲ್ಲವೋ ಎಂದು ಪಕ್ಕದಲ್ಲಿ ಕೂತವನಿಗೂ ನೆನಪಿರುವುದಿಲ್ಲ, ಅಂಥ ಆಸಾಮಿ.

ಅಪ್ಪ ಕುರಿ ಕಾಯ್ದವನು. ಮಗ ಹಿಡಿದದ್ದು ಕೈಪಂಪು ರಿಪೇರಿ. ಇಲಾಖೆಯ ಜೀಪಿನ ಹಿಂದೆ ಪೈಪು, ರಾಡುಗಳ ಮಧ್ಯೆ ಕುಕ್ಕರಿಸಿಕೊಂಡು ಇಪ್ಪತ್ತೆಂಟು ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಅಲೆದ. ದಿನಗೂಲಿಯಾಗಿ ಸೇರಿದವನು ದಿನಗೂಲಿಯಾಗಿಯೇ ಉಳಿದ. ಹೆಣ್ಣು ಕೇಳಲು ಹೋದ ಮೂರು ಕಡೆಯೂ ಅದೊಂದೇ ಕಾರಣಕ್ಕೆ ಬಾಗಿಲು ಮುಚ್ಚಿತು. ಆದರೆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜೀಪಿನಿಂದ ಇಳಿದವನೇ ಪಂಪಿನ ಮೈಗೆ ಕಿವಿ ಹಚ್ಚಿ, "ಒಂದು ಸಲ ಒತ್ತಮ್ಮ" ಎನ್ನುವನು. ಸದ್ದು ಕೇಳಿಯೇ ತಳದ ಚರ್ಮದ ವಾಷರು ಸವೆದಿದೆಯೋ, ರಾಡು ಕಳಚಿದೆಯೋ, ಚೈನು ಒಣಗಿದೆಯೋ ಹೇಳುವನು. ನಾವು ಮೊಬೈಲಿನಲ್ಲಿ ಹಲೋ ಎಂದ ದನಿಗೇ ಮನುಷ್ಯನನ್ನು ಗುರುತಿಸುವುದಿಲ್ಲವೇ, ಹಾಗೆ ಅವನು ಪಂಪುಗಳನ್ನು ಗುರುತಿಸುತ್ತಿದ್ದ.

ಅವನು ಎಲ್ಲಕ್ಕಿಂತ ಮುತುವರ್ಜಿಯಿಂದ ಸಾಕಿದ ಪಂಪು ತನ್ನ ಮನೆ ಮುಂದಿನದೇ. ಅದು ಕೆಟ್ಟು ಒಂದು ದಿನ ನಿಂತದ್ದಿಲ್ಲ. ಅಕ್ಕ ಏಕನಾಥಮ್ಮ ಆ ನೀರಿನಲ್ಲೇ ಮುದ್ದೆ ತೊಳಸಿದಳು, ಆ ನೀರನ್ನೇ ಇಪ್ಪತ್ತು ವರ್ಷ ಕುಡಿದಳು. ಗಂಡ ಬಳ್ಳಾರಿ ಕಡೆಗೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಅವಳು ತಮ್ಮನ ಮನೆಗೆ ಬಂದವಳು. ಆದರೂ ಹಣೆಯ ಮೇಲಿನ ಕಾಸಿನಗಲದ ಕುಂಕುಮ ಬಿಟ್ಟಿರಲಿಲ್ಲ. ಯಾರಾದರೂ ಕೊಂಕು ತೆಗೆದರೆ, "ಆ ಮನುಷ್ಯ ಎಲ್ಲೋ ಗುಂಡುಕಲ್ಲಿನಂಗೆ ಬದುಕವ್ನೆ, ನಾನ್ಯಾಕೆ ಒರೆಸ್ಕಳ್ಳಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ನೀರು ಪರೀಕ್ಷೆ ಮಾಡುವವರು ಬಂದರು. ನಮ್ಮ ಕಡೆಯ ಬಂಡೆಯಡಿಯ ನೀರಿನಲ್ಲಿ ಫ್ಲೋರೈಡ್ ಎಂಬುದೊಂದಿದೆ, ಅದು ಹಲ್ಲು ಹಳದಿ ಮಾಡಿ ಮೂಳೆ ಬಗ್ಗಿಸುತ್ತದೆ ಎಂದು ಆಗ ಗೊತ್ತಾಯಿತು. ಕೆಟ್ಟ ನೀರಿನ ಪಂಪುಗಳಿಗೆ ಕೆಂಪು ಬಣ್ಣ ಬಳಿಯಬೇಕು. ಕೆಂಪು ಕಂಡರೆ ಯಾರೂ ಕುಡಿಯಬಾರದು. ಬ್ರಷ್ಷು ಕೊಟ್ಟದ್ದು ಯಾರ ಕೈಗೆ? ಹಾಲಸ್ವಾಮಿಯ ಕೈಗೆ. ಇನ್ನೂರಕ್ಕೂ ಹೆಚ್ಚು ಪಂಪುಗಳಿಗೆ ಅವನೇ ಕೆಂಪು ಬಳಿದ. ಒಂದು ದಿನ ತನ್ನ ಮನೆ ಮುಂದಿನದಕ್ಕೂ ಬಳಿದ. ಅಷ್ಟರಲ್ಲಿ ಏಕನಾಥಮ್ಮನ ಎರಡೂ ಮೊಣಕಾಲು ಹೊರಕ್ಕೆ ಬಾಗಿ, ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾಗದಂತೆ ಆಗಿತ್ತು. ಊರೂರು ಅಲೆದು ಬೇರೆ ಬೇರೆ ನೀರು ಕುಡಿದ ತಮ್ಮ ಹೇಗೋ ಪಾರಾಗಿದ್ದ.

"ನೀರು ಸಿಹಿಯಾಗಿತ್ತು ಕಣಲೇ, ಕುಡಿದೆ. ನಿಂದೇನು ತಪ್ಪೈತೆ ಅದ್ರಾಗೆ?" ಎಂದಳು ಅವಳು.

ತಪ್ಪು ಯಾರದೂ ಇರಲಿಲ್ಲ, ನಿಜ. ಆದರೆ ಆ ವಾಷರು ಬದಲಿಸಿದ ಕೈ ತನ್ನದು, ಅಕ್ಕನ ಬಾಯಿಗೆ ಆ ನೀರು ಬೀಳುವಂತೆ ಇಪ್ಪತ್ತು ವರ್ಷ ನೋಡಿಕೊಂಡವನು ತಾನು ಎಂಬುದು ಹಾಲಸ್ವಾಮಿಯ ಎದೆಯಲ್ಲಿ ಕಲ್ಲಾಗಿ ಕೂತಿತು. ಬೇರೆಯವರ ಹತ್ತಿರ ಆಡುವ ಮಾತಲ್ಲ ಅದು. ಅವನು ಆಡಲೂ ಇಲ್ಲ.

ಕಾಲ ತಿರುಗಿತು. ಮೋಟರು ಬಂತು, ಮನೆ ಮನೆಗೆ ನಲ್ಲಿ ಬಂತು, ಬಸ್ ಸ್ಟ್ಯಾಂಡಿನ ಹತ್ತಿರ ಶುದ್ಧ ನೀರಿನ ಘಟಕ ಬಂತು. ಕೈಪಂಪುಗಳ ಹಿಡಿಕೆಗಳು ಒಂದೊಂದೇ ಗುಜರಿಗೆ ಹೋದವು. ಜೀಪು ಬರುವುದು ನಿಂತಿತು. "ಇನ್ನು ಬರಬೇಡ" ಎಂದು ಹೇಳುವ ಸೌಜನ್ಯವನ್ನೂ ಯಾರೂ ತೋರಿಸಲಿಲ್ಲ, ಅದೇ ನನಗೆ ಸಿಟ್ಟು. ಒಂದು ವಾರ ಅವನು ದಿನಾ ಬೆಳಿಗ್ಗೆ ನಟ್ಟು ಬಿಚ್ಚುವ ಪಾನಗಳ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಹೋಗಿ ನಿಂತು, ಬಿಸಿಲೇರಿದ ಮೇಲೆ ವಾಪಸು ಬಂದ. ಎಂಟನೇ ದಿನ ಚೀಲ ಮೂಲೆ ಸೇರಿತು.

ಚಿತ್ರದುರ್ಗದ ಒಂದು ಸಂಸ್ಥೆಯ ಪ್ರಭುಲಿಂಗ ಅವನನ್ನು ಹುಡುಕಿಕೊಂಡು ಬಂದದ್ದು ಎರಡು ಸಾವಿರದ ಇಪ್ಪತ್ತಮೂರರ ಶುರುವಿನಲ್ಲಿ. ಆ ಸಂಸ್ಥೆ ಟಾಂಜಾನಿಯಾ ದೇಶದ ಹಳ್ಳಿಗಳಲ್ಲಿ ಆಸ್ಪತ್ರೆ, ನೀರು, ಹೆಂಗಸರಿಗೆ ಕಸುಬು ಕಲಿಸುವುದು ಇಂಥ ಕೆಲಸ ಮಾಡುವ ಅಲ್ಲಿನ ಸಂಸ್ಥೆಯೊಂದರ ಜೊತೆ ಸೇರಿತ್ತು.

"ಅಲ್ಲಿನ್ನೂ ಕೈಪಂಪೇ ಗತಿ ಕಣ್ರಿ ಹಾಲಸ್ವಾಮಿ. ಇದೇ ಪಂಪು, ಇದೇ ವಾಷರು. ಓದಿದ ಇಂಜಿನಿಯರ್‌ಗಳು ಬೇಕಾದಷ್ಟು ಅವ್ರೆ, ಬಿಚ್ಚಿ ಜೋಡ್ಸೋ ಕೈ ಇಲ್ಲ. ಹನ್ನೊಂದು ತಿಂಗಳು. ಬರ್ತೀರಾ?"

ಸಂಬಳ ಎಷ್ಟು, ಊಟ ಏನು ಎಂದು ಬೇರೆಯವರಾದರೆ ಕೇಳುತ್ತಿದ್ದರು. ಹಾಲಸ್ವಾಮಿ ಕೇಳಿದ್ದು ಒಂದೇ. "ಅಲ್ಲಿ ನೀರು ಪರೀಕ್ಷೆ ಮಾಡ್ತಾರಾ ಸಾರ್?"

"ಮಾಡ್ತಾರೆ. ಆ ಕಡೆನೂ ಫ್ಲೋರೈಡ್ ಐತೆ. ಪ್ರತಿಯೊಂದನ್ನೂ ಪರೀಕ್ಷೆ ಮಾಡ್ತಾರೆ."

"ಹಂಗಾದ್ರೆ ಬರ್ತೀನಿ."

ಪಾಸಾದ ಒಂದು ಪಂಪು. ತನ್ನ ಕೈಯಿಂದ ನೀರೆದ್ದು, ಜನ ಅದನ್ನು ಕುಡಿದು, ವಯಸ್ಸಾದ ಮೇಲೂ ಗಟ್ಟಿ ಮೊಣಕಾಲಲ್ಲಿ ಓಡಾಡಿಕೊಂಡಿರುವ ಒಂದೇ ಒಂದು ಪಂಪು. ಅವನಿಗೆ ಬೇಕಿದ್ದದ್ದು ಅಷ್ಟು.

ಏಕನಾಥಮ್ಮ ತಡೆಯಲಿಲ್ಲ. ಪಕ್ಕದ ಮನೆಯ ಹೇಮಾವತಿ ತನ್ನನ್ನು ನೋಡಿಕೊಳ್ಳುತ್ತಾಳೆ ಎಂದಳು. ಹೊರಡುವ ದಿನ ದುರ್ಗದ ಅಮ್ಮನ ಗುಡಿಯಿಂದ ತರಿಸಿದ ಕುಂಕುಮದ ಪೊಟ್ಟಣವನ್ನು ಅವನ ಜೇಬಿಗೆ ತುರುಕಿ, "ಅಲ್ಲಾದ್ರೂ ಒಳ್ಳೆ ನೀರು ಎಬ್ಬಿಸಿ ಬಾ. ಎಬ್ಬಿಸಿದ ಮೇಲೆ ಪೂಜೆ ಮಾಡ್ದೆ ಮಾತ್ರ ಬರಬ್ಯಾಡ, ಹೇಳಿರ್ತೀನಿ," ಎಂದಳು.

ಅವನು ಇಳಿದದ್ದು ಸಿಂಗಿಡಾ ಎಂಬ ಸೀಮೆಯಲ್ಲಿ. ಇಳಿದವನು ದಂಗಾಗಿ ನಿಂತ. ಕಣ್ಣು ಹಾಯುವಷ್ಟು ದೂರ ಬಂಡೆಗಳು, ಬಂಡೆಯ ಮೇಲೆ ಬಂಡೆ. ನಡುವೆ ಸೂರ್ಯಕಾಂತಿ ಹೊಲ. ದುರ್ಗದ ಕೋಟೆಯೊಂದು ಕಾಣುತ್ತಿರಲಿಲ್ಲ, ಉಳಿದದ್ದೆಲ್ಲ ಅದೇ. ಮೊದಲ ರಾತ್ರಿ ಉಗಾಲಿ ಎಂದು ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆಯನ್ನೇ ಬಡಿಸಿದರು. ಎಲ್ಲ ಇಷ್ಟು ನಮ್ಮಂತೆಯೇ ಇದ್ದೂ ಯಾರೂ ನಮ್ಮವರಲ್ಲವಲ್ಲ ಎಂದು ಅವನು ಅರ್ಧ ಮುದ್ದೆಗೇ ತಟ್ಟೆ ಸರಿಸಿ ಎದ್ದ. ಪೂರ್ತಿ ಬೇರೆಯೇ ಆಗಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ಸಂಸ್ಥೆಯ ಚಿಕ್ಕ ಆಸ್ಪತ್ರೆಯ ಹಿಂದೆ ಅವನಿಗೊಂದು ಕೋಣೆ ಕೊಟ್ಟರು. ಆಸ್ಪತ್ರೆಯ ನರ್ಸು ರೆಹೆಮಾ, ನಲವತ್ತು ದಾಟಿದ ಹೆಂಗಸು, ಇಂಗ್ಲಿಷ್ ಬಲ್ಲವಳು. ಅವಳ ಇಂಗ್ಲಿಷಿಗೂ ಇವನ ಹರಕು ಇಂಗ್ಲಿಷಿಗೂ ಹೇಗೋ ಗಂಟು ಬೀಳುತ್ತಿತ್ತು. ಮಿಕ್ಕವರ ಜೊತೆ ಕೈಸನ್ನೆ. ನೀರಿಗೆ ಅಲ್ಲಿ ಮಾಜಿ ಎನ್ನುತ್ತಾರೆ. ನಮ್ಮಲ್ಲಿ ಸೋತ ಶಾಸಕರ ಹೆಸರಿನ ಹಿಂದೆ ಹಚ್ಚುವ ಪದ ಎಂದು ಅವನಿಗೆ ನಗು ಬಂತು, ಆದರೆ ಆ ನಗು ಹಂಚಿಕೊಳ್ಳಲು ಸುತ್ತ ನೂರು ಮೈಲಿಯಲ್ಲಿ ಒಬ್ಬರಿಲ್ಲ. ಅವನ ಹೆಸರನ್ನೂ ಯಾರೂ ಕರೆಯಲಿಲ್ಲ. ಮೆಕ್ಯಾನಿಕ್ಕಿಗೆ ಅಲ್ಲಿನ ಮಾತು ಫುಂಡಿ. ಎಲ್ಲರಿಗೂ ಅವನು ಫುಂಡಿ. ಭಾನುವಾರ ಒಂದು ದಿನ, ಬಂಡೆ ಹತ್ತಿದರೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದಾಗ, "ಲೇ ಹಾಲ" ಎಂಬ ದನಿ ಕೇಳಿ ಅವನ ಹೆಸರು ಅವನಿಗೇ ವಾಪಸು ಸಿಗುತ್ತಿತ್ತು. ವಾರದ ಮಿಕ್ಕ ಆರು ದಿನ ಪಂಪುಗಳ ಜೊತೆ ಕನ್ನಡ ಮಾತಾಡಿಕೊಂಡಿದ್ದ. "ಬಾರಪ್ಪ, ಮ್ಯಾಲೆ ಬಾ, ಏನು ಮುನಿಸು ನಿಂಗೆ" ಎಂದು ಪೈಪು ಎಳೆಯುವುದನ್ನು ನೋಡಿ ಅಲ್ಲಿನವರು ಅದೂ ರಿಪೇರಿಯ ಒಂದು ಭಾಗ ಎಂದುಕೊಂಡಿದ್ದರು.

ಕೆಲಸವೇನೋ ಸಾಗಿತು. ಹೋದ ಊರಲ್ಲೆಲ್ಲ ಇಬ್ಬರು ಹೆಂಗಸರಿಗೆ ಪಾನ ಹಿಡಿಯುವುದರಿಂದ ಹಿಡಿದು ವಾಷರು ಕೂರಿಸುವವರೆಗೆ ಕಲಿಸಿದ. ಚೆಲ್ಲಿದ ನೀರು ಹರಿದುಹೋಗುವ ಕಡೆ ಸೊಪ್ಪಿನ ಮಡಿ ಹಾಕಿಸಿದ. ಪರೀಕ್ಷೆಯಲ್ಲಿ ಮೂರು ಪಂಪುಗಳ ನೀರು ಕೆಟ್ಟದ್ದು ಎಂದು ಬಂತು, ಮಿಕ್ಕವು ಅಂಚಿನಲ್ಲಿ ಪಾರಾದವು, ಇದು ಒಳ್ಳೆಯ ನೀರು ಎಂದು ಅವನ ಮನಸ್ಸು ಒಪ್ಪುವಂಥದ್ದು ಒಂದೂ ಇರಲಿಲ್ಲ. ಸಂಸ್ಥೆಯವರು ಅಲ್ಲಿಯೂ ಕೆಂಪು ಬಣ್ಣದ ಡಬ್ಬಿಯನ್ನೇ ತಂದಿದ್ದರು. ಹಾಲಸ್ವಾಮಿ ಬಳಿದ. ಬರೀ ಬಳಿದದ್ದಲ್ಲ, ಸುತ್ತಲಿನ ಊರುಗಳ ಜನರನ್ನೆಲ್ಲ ಸೇರಿಸಿ, ಕೆಂಪು ತೋರಿಸಿ, ಕುಡಿಯುವಂತೆ ಕೈ ಬಾಯಿಗೊಯ್ದು, ಹೊಟ್ಟೆ ಹಿಡಿದುಕೊಂಡು, ಕಾಲು ಸೊಟ್ಟ ಮಾಡಿ ನಡೆದು ತೋರಿಸಿದ. ಆ ಆಟಕ್ಕೆ ಜನ ಬಿದ್ದು ಬಿದ್ದು ನಕ್ಕರು. ಪಾಠ ಮಾತ್ರ ತಲೆಗೆ ಹೋಯಿತು. ಕೆಂಪು ಕಂಡರೆ ಕುಡಿಯಬಾರದು.

ಹದಿನೈದನೇ ಪಂಪು ಇದ್ದ ಊರಿನ ಹೆಸರು ಅವನ ನಾಲಿಗೆಗೆ ಕೊನೆವರೆಗೂ ಒಗ್ಗಲಿಲ್ಲ. ಹದಿನೈದನೇ ಪಂಪಿನ ಊರು ಎಂದೇ ಹೇಳುತ್ತಿದ್ದ. ಆರು ವರ್ಷದಿಂದ ಕೆಟ್ಟು ನಿಂತಿದ್ದ ಪಂಪು. ಊರಿನವರು ಒಣಗಿದ ಹಳ್ಳದಲ್ಲಿ ಮರಳು ತೋಡಿ, ದನ ಕುಡಿದು ಬಿಟ್ಟ ಕೆಸರು ನೀರನ್ನೇ ಬಗೆದುಕೊಂಡು ಬರುತ್ತಿದ್ದರು. ಅಲ್ಲಿ ಬೀಬಿ ನೀಮಾ ಎಂಬ ಮುದುಕಿ ಇದ್ದಳು. ಬೀಬಿ ಎಂದರೆ ಅಜ್ಜಿ. ಮೂರು ದಿನದ ಕೆಲಸದಲ್ಲಿ ಮೂರು ದಿನವೂ ಅವನಿಗೆ ಅವಳದೇ ಊಟ. ಅವನು ಉಣ್ಣುವಾಗ ಎದುರಿಗೆ ಕೂತು ತನ್ನ ಭಾಷೆಯಲ್ಲಿ ಏನೇನೋ ಹೇಳುವಳು, ಇವನು ಕನ್ನಡದಲ್ಲಿ "ಹೂನಮ್ಮ, ಹೌದಮ್ಮ" ಎನ್ನುವನು. ಆ ದೇಶದಲ್ಲಿ ಅವನಿಗೆ ಊಟದ ಹೊತ್ತಿಗೆ ಜೊತೆ ಅಂತ ಸಿಕ್ಕಿದ್ದು ಅಷ್ಟೇ. ಅವಳ ಮೊಮ್ಮಗಳು, ಐದು ವರ್ಷದ ಮೂಗುಸುರುಕಿ, ಅವನು ಊರಿಂದ ತಂದಿದ್ದ ಅಪ್ಪನ ಕಂಬಳಿಯ ಅಂಚಿನ ಎಳೆಗಳನ್ನು ಎಣಿಸುತ್ತ ಪಕ್ಕದಲ್ಲೇ ಇರುತ್ತಿತ್ತು.

ನಾಲ್ಕನೇ ದಿನ ನೀರೆದ್ದಿತು. ಚೈನಿಗೆ ಒಂದು ಪಿನ್ನು ಸಿಗದೆ ಹಳೆ ಬೋಲ್ಟನ್ನೇ ಅರದಿಂದ ತೀಡಿ ಹಾಕಿದ್ದರಿಂದ ಹಿಡಿಕೆ ಕೆಳಗಿಳಿದಾಗಲೆಲ್ಲ ಕಿರ್ರ್ ಎಂದು, ಕೊನೆಗೊಂದು ಟಕ್ ಎನ್ನುತ್ತಿತ್ತು. ಹಾಗೆ ಸದ್ದು ಮಾಡುವ ಪಂಪು ಲೋಕದಲ್ಲಿ ಇನ್ನೊಂದಿರಲಿಲ್ಲ. ರೆಹೆಮಾ ಪರೀಕ್ಷೆಯ ಚೀಟಿ ತಂದಳು. ನೀರು ಬಹಳ ಒಳ್ಳೆಯದು, ಇಡೀ ಸೀಮೆಯಲ್ಲಿ ಇಷ್ಟು ಒಳ್ಳೆಯದಿಲ್ಲ. ಹಾಲಸ್ವಾಮಿ ಇಂಗ್ಲಿಷಿನಲ್ಲಿದ್ದ ಆ ಚೀಟಿಯನ್ನು ಮೂರು ಸಲ ಓದಿಸಿದ. ಅಲ್ಲೇ ಪಂಪಿನ ಕಟ್ಟೆ ಮೇಲೆ ಕೂತು ಅತ್ತುಬಿಟ್ಟ.

ಮಾರನೆಯ ದಿನ ಆಯುಧಪೂಜೆ. ಅವತ್ತು ಇಡೀ ಐಮಂಗಲದಲ್ಲಿ ಟ್ರ್ಯಾಕ್ಟರು, ಲಾರಿ, ಹಿಟ್ಟಿನ ಗಿರಣಿ, ಎಲ್ಲದರ ಹಣೆಗೂ ಕುಂಕುಮ ಇರುತ್ತದೆ, ಎಲ್ಲರ ಬಾಯಲ್ಲೂ ಮಂಡಕ್ಕಿ ಇರುತ್ತದೆ. ಇವನೊಬ್ಬ ಎಲ್ಲೋ, ಹಬ್ಬ ಎಂದರೆ ಏನೆಂದು ಕೇಳುವವರಿಲ್ಲದ ಕಡೆ. ಬೆಳಿಗ್ಗೆ ಸ್ನಾನ ಮಾಡಿ ಹದಿನೈದನೇ ಪಂಪಿನ ಊರಿಗೆ ಹೋದ. ಅಕ್ಕನ ಪೊಟ್ಟಣ ಬಿಚ್ಚಿ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಪಂಪಿನ ತಲೆಗೆ ಅಂಗೈಯಗಲ ಇಟ್ಟ, ಹಿಡಿಕೆಗೆ ಇಟ್ಟ, ನೀರು ಬೀಳುವ ಬಾಯಿಗೂ ಇಟ್ಟ. ಬೂದುಗುಂಬಳ ಸಿಗದ್ದಕ್ಕೆ ಅಲ್ಲಿನ ಸಿಹಿಗುಂಬಳವನ್ನೇ ಕೊರೆದು, ಉಳಿದ ಕುಂಕುಮವನ್ನೆಲ್ಲ ಅದರ ಹೊಟ್ಟೆಗೆ ಸುರಿದು, ಪಂಪಿನ ಮುಂದೆ ಎತ್ತಿ ಒಡೆದ. ಕಟ್ಟೆಯೆಲ್ಲ ಕೆಂಪಾಯಿತು. ಸೇರಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದು ಗಪ್‌ಚುಪ್ಪಾಗಿ ನಿಂತರು. ಭಕ್ತಿ ಎಂದುಕೊಂಡ ಇವನು. ಅಯ್ಯೋ ಪುಣ್ಯಾತ್ಮ! ಇನ್ನೂರು ಪಂಪಿಗೆ ಕೆಂಪು ಬಳಿದವನಿಗೆ, ಎರಡು ತಿಂಗಳ ಕೆಳಗೆ ಆ ಜನರ ಮುಂದೆಯೇ ಕಾಲು ಸೊಟ್ಟ ಮಾಡಿ ಕುಣಿದವನಿಗೆ, ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಡಬ್ಬಿಯ ಕೆಂಪು ಬೇರೆ, ಅಕ್ಕನ ಹಣೆಯ ಕೆಂಪು ಬೇರೆ. ನಮ್ಮಲ್ಲಿ ಹಾಲು ಕುಡಿಯುವ ಮಗುವೂ ಅವೆರಡನ್ನು ಒಂದು ಮಾಡುವುದಿಲ್ಲ.

ಅವತ್ತು ಸಂಜೆಯೇ ಸಂಸ್ಥೆಯ ಗಾಡಿ ಅವನನ್ನು ದೂರದ ಊರುಗಳಿಗೆ ಕರೆದೊಯ್ದಿತು. ಹದಿನಾರು ದಿನ ಕಳೆದು ವಾಪಸು ಬಂದಾಗ ಆಸ್ಪತ್ರೆಯ ಜಗುಲಿಯಲ್ಲಿ ಬೀಬಿ ನೀಮಾ ಕೂತಿದ್ದಳು. ಒಳಗೆ ಮಂಚದ ಮೇಲೆ ಆ ಮೂಗುಸುರುಕಿ, ವಾಂತಿ ಭೇದಿಯಿಂದ ಹಿಂಡಿದ ಬಟ್ಟೆಯಾಗಿ, ಕೈಗೆ ಗ್ಲೂಕೋಸ್ ಬಾಟಲಿ. ಹಳ್ಳದ ಗುಂಡಿ ನೀರು ಎಂದಳು ರೆಹೆಮಾ.

"ಗುಂಡಿ ನೀರು ಯಾಕೆ? ಪಂಪು ಕೆಟ್ಟಿತಾ?"

"ಕೆಟ್ಟಿಲ್ಲ. ನೀನೇ ಕೆಂಪು ಹಚ್ಚಿದೆಯಂತಲ್ಲ. ಫುಂಡಿ ನೀರೆಬ್ಬಿಸಿ, ಆಮೇಲೆ ಅತ್ತು, ಮಾರನೆ ದಿನ ಕೆಂಪು ಹಚ್ಚಿದ ಎನ್ನುತ್ತಿದ್ದಾರೆ. ನೀರು ವಿಷ ಎಂದು ಗೊತ್ತಾಗಿಯೇ ಅತ್ತ ಎನ್ನುತ್ತಿದ್ದಾರೆ."

ಹಾಲಸ್ವಾಮಿ ತನ್ನ ಕಂಬಳಿ ತಂದು ಮಗುವಿಗೆ ಹೊದಿಸಿ, ಆ ಬಿಸಿಲಲ್ಲೇ ಆರು ಮೈಲಿ ಓಡುತ್ತ ನಡೆಯುತ್ತ ಹೋಗಿ ಮರಳು ಹಾಕಿ ಉಜ್ಜಿ ಉಜ್ಜಿ ಪಂಪಿನ ಕುಂಕುಮ ಒರೆಸಿದ. ಒರೆಸಿದ್ದರಿಂದ ಇನ್ನಷ್ಟು ಕೆಟ್ಟಿತು. ಫುಂಡಿ ಈಗ ಗುರುತು ಅಳಿಸಿ ನಮ್ಮನ್ನು ಯಾಮಾರಿಸುತ್ತಿದ್ದಾನೆ ಎಂದರು. ರೆಹೆಮಾ ಸಭೆ ಕರೆದು ಚೀಟಿ ತೋರಿಸಿದಳು. ಚೀಟಿ ಓದಲು ಬಾರದವರಿಗೆ ಕಣ್ಣಾರೆ ಕಂಡ ಕೆಂಪೇ ದೊಡ್ಡದಾಯಿತು.

ಐದನೇ ದಿನ ಮಗು ಎದ್ದು ಕೂತು ಗಂಜಿ ಕೇಳಿತು. ಹಾಲಸ್ವಾಮಿ ಧೈರ್ಯ ತಂದುಕೊಂಡು ಬೀಬಿಯ ಮುಂದೆ ಕುಕ್ಕರಿಸಿ, ಮೊಬೈಲಿನಲ್ಲಿ ಅಕ್ಕನ ಫೋಟೋ ತೆಗೆದು ತೋರಿಸಿದ. ಹಣೆಯ ಕುಂಕುಮದ ಮೇಲೆ ಬೆರಳಿಟ್ಟು, ಇದು ನನ್ನ ಅಕ್ಕ, ನೋಡು, ನಮ್ಮಲ್ಲಿ ಬೇಕಾದವರಿಗೆ ಇಡುವ ಕೆಂಪು ಇದು ಎಂದ. ರೆಹೆಮಾ ಅದನ್ನು ಹೇಳಿದಳು. ಬೀಬಿ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಹಣೆ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಏಕನಾಥಮ್ಮ ಬಾಗಿಲಿನಲ್ಲಿ ಗೋಡೆ ಹಿಡಿದು ನಿಂತಿದ್ದ ಫೋಟೋ ಅದು. ಸೊಟ್ಟ ಕಾಲು ಎರಡೂ ಕಾಣುತ್ತಿದ್ದವು. ಹಣೆಯಲ್ಲಿ ಕೆಂಪು, ಕಾಲು ಸೊಟ್ಟ. ಅವನು ಕುಣಿದು ತೋರಿಸಿದ ಹಾಗೆಯೇ.

"ಕಾಲಿಗೆ ಏನಾಯಿತು ಎಂದು ಕೇಳುತ್ತಿದ್ದಾಳೆ," ಎಂದಳು ರೆಹೆಮಾ.

ಬಿದ್ದಳು ಎನ್ನಬಹುದಿತ್ತು. ವಯಸ್ಸಾಯಿತು ಎನ್ನಬಹುದಿತ್ತು. ಯಾರು ಬಂದು ವಿಚಾರಿಸುತ್ತಿದ್ದರು? ಆ ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು. ಹಾಲಸ್ವಾಮಿ, ತನಗೆ ಗೊತ್ತಿದ್ದ ನಾಲ್ಕು ಪದದಲ್ಲಿ ಒಂದನ್ನು ಎತ್ತಿಕೊಂಡ. "ಮಾಜಿ," ಎಂದ. ನೀರು. ಆಮೇಲೆ ರೆಹೆಮಾಳ ಕಡೆ ತಿರುಗಿ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಆ ಪಂಪು ನನ್ನ ಮನೆ ಮುಂದಿನದು, ಇಪ್ಪತ್ತು ವರ್ಷ ರಿಪೇರಿ ಮಾಡಿದವನು ನಾನು, ಗೊತ್ತಿಲ್ಲದೆ ಕುಡಿಸಿದೆ, ಅದಕ್ಕೇ ಇಲ್ಲಿಗೆ ಬಂದೆ.

ರೆಹೆಮಾ ಅವನ ಕಡೆ ಬಗ್ಗಿ, "ಇದನ್ನೂ ಹೇಳಲೇ?" ಎಂದಳು.

"ಹೇಳ್ರಿ ಮೇಡಂ."

ಬೀಬಿ ಪೂರ್ತಿ ಕೇಳಿದಳು. ಫೋನು ವಾಪಸು ಕೊಟ್ಟಳು. ಮಗುವನ್ನು ಕಂಬಳಿ ಸಮೇತ ಬೆನ್ನಿಗೆ ಕಟ್ಟಿಕೊಂಡು ಹೊರಟುಹೋದಳು.

ವಿಮಾನದ ಟಿಕೆಟ್ಟಿಗೆ ಹತ್ತು ದಿನ ಉಳಿದಿದ್ದಾಗ ಹಾಲಸ್ವಾಮಿ ಒಂದೇ ಕೇಳಿಕೊಂಡ: ಆ ಊರಲ್ಲೇ ಇರಲು ಬಿಡಿ. ಒಂಬತ್ತು ದಿನ ಇದ್ದ. ಬೆಳಿಗ್ಗೆ ಪಂಪು ಒತ್ತಿ, ಎಲ್ಲರಿಗೂ ಕಾಣುವಂತೆ ಬೊಗಸೆಯಲ್ಲಿ ಹಿಡಿದು ಕುಡಿಯುವನು. ಮಧ್ಯಾಹ್ನ ಕುಡಿಯುವನು. ಸಂಜೆ ಕುಡಿಯುವನು. ಆ ವರ್ಷ ಮಳೆ ಬೇಗ ಬಂದು ಜೋರಾಗಿ ಹೊಡೆದಿತ್ತು. ಹಳ್ಳದಲ್ಲಿ ಕೆಂಪು ನೀರು ನಿಂತಿತ್ತು. ಹೆಂಗಸರು ಹಳದಿ ಕ್ಯಾನು ಹೊತ್ತು ಅವನ ಮುಂದೆಯೇ ಹಳ್ಳಕ್ಕೆ ಹೋಗುವರು, ಅವನ ಕಡೆ ತಿರುಗದೆ. ಕಿರ್ರ್, ಟಕ್. ಕಿರ್ರ್, ಟಕ್. ಊರಿಗೆಲ್ಲ ಕೇಳುವ ಸದ್ದು, ಕುಡಿಯುವವನು ಒಬ್ಬನೇ. ಜೀವಮಾನದಲ್ಲಿ ಅಷ್ಟು ಒಬ್ಬಂಟಿಯಾಗಿ ಅವನು ಇದ್ದದ್ದಿಲ್ಲ. ಒಂಬತ್ತನೇ ದಿನ ಯಾರೋ ಅವನ ಕಂಬಳಿಯನ್ನು ಒಗೆದು ಮಡಿಸಿ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಬೀಬಿ ಬಂದಿರಲಿಲ್ಲ. ಅವನು ಕಂಬಳಿಯನ್ನು ಮೂಗಿಗೆ ಹಿಡಿದ. ಹಳ್ಳದ ಕೆಸರಿನ ವಾಸನೆ. ಕಂಬಳಿ ಒಗೆಯುವುದಕ್ಕೂ ಪಂಪಿನ ನೀರು ಮುಟ್ಟಿರಲಿಲ್ಲ.

ಮನೆಗೆ ಬಂದವನನ್ನು ಏಕನಾಥಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಒಳ್ಳೆ ನೀರು ಎದ್ದುತೇನೋ?"

"ಎದ್ದುತಕ್ಕ. ಹದಿನೈದನೇದು. ಅಮೃತದಂಥ ನೀರು."

"ಪೂಜೆ ಮಾಡಿದ್ಯಾ? ನನ್ನ ಕುಂಕುಮ ಇಟ್ಟೆಯಾ?"

"ಇಟ್ಟೆ."

"ಜನ ಕುಡಿತಾರಾ?"

ನಿನ್ನ ಕುಂಕುಮವೇ ಆ ನೀರನ್ನು ಕೆಡಿಸಿತು ಎಂದು ಆ ಕಾಲಿನವಳ ಮುಂದೆ ಯಾವ ಬಾಯಲ್ಲಿ ಹೇಳಿಯಾನು? "ಕುಡಿತಾರಕ್ಕ. ಊರಿಗೆ ಊರೇ ಕುಡಿತೈತೆ," ಎಂದು ಒಳಗೆ ಹೋದ. ಏಕನಾಥಮ್ಮ ಹಣೆಗೆ ಕೈಮುಟ್ಟಿಸಿ ಅಮ್ಮನಿಗೆ ಮುಗಿದಳು. ಅವತ್ತಿನಿಂದ ಹೇಮಾವತಿಗೆ, ಹಾಲಿನವಳಿಗೆ, ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: ನನ್ನ ತಮ್ಮ ಎಬ್ಬಿಸಿದ ನೀರು ಒಂದೂರು ಕುಡಿತೈತೆ. ಅವಳು ಹಾಗೆ ಹೇಳುವಾಗಲೆಲ್ಲ ಹಾಲಸ್ವಾಮಿ ಎದ್ದು ಹೊರಗೆ ಹೋಗುತ್ತಿದ್ದ. ಹೋಗಿ ಎಲ್ಲಿ ಕೂರಬೇಕು? ಮನೆ ಮುಂದೆ ಹಿಡಿಕೆಯಿಲ್ಲದ ಆ ಕೆಂಪು ಪಂಪು. ಅದರ ಕಟ್ಟೆಯ ಮೇಲೆ.

ವರ್ಷ ಹೀಗೇ ತುಂಬುತ್ತ ಬಂತು. ಮತ್ತೆ ಆಯುಧಪೂಜೆ ಬಂತು. ಹಾಲಸ್ವಾಮಿ ಪಾನಗಳನ್ನು ತೊಳೆದು ಮಣೆಯ ಮೇಲೆ ಜೋಡಿಸಿ, ಮೂರು ಬೆರಳು ವಿಭೂತಿ ಎಳೆದ, ಹೂವಿಟ್ಟ, ಊದುಬತ್ತಿ ಹಚ್ಚಿದ. ಕುಂಕುಮದ ಬಟ್ಟಲು ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಬಾಗಿಲ ಹತ್ತಿರ ಕಾಲು ನೀಡಿ ಕೂತಿದ್ದ ಏಕನಾಥಮ್ಮ ಪಾನಗಳನ್ನು ನೋಡಿದಳು, ಬಟ್ಟಲನ್ನು ನೋಡಿದಳು, ತಮ್ಮನನ್ನು ನೋಡಿದಳು. ಅದಾದ ಮೇಲೆ ಅವಳು ಬಂದವರ ಹತ್ತಿರ ಆ ಊರಿನ ಮಾತೆತ್ತುವುದನ್ನು ಬಿಟ್ಟಳು. ಹಾಲಸ್ವಾಮಿ ಅದನ್ನು ಗಮನಿಸಲಿಲ್ಲ.

ಹಬ್ಬ ಕಳೆದು ಹತ್ತು ಹನ್ನೆರಡು ದಿನವಾಗಿರಬೇಕು, ಒಂದು ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಕೂತಿದ್ದಾಗ ರೆಹೆಮಾಳಿಂದ ವಾಟ್ಸಾಪಿನಲ್ಲಿ ದನಿಯ ಮೆಸೇಜು ಬಂತು. ಇವನಿಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದ್ದಳು. ಈ ಸಲ ಹಳ್ಳ ಪೂರ್ತಿ ಬತ್ತಿತು. ಬೀಬಿ ನೀಮಾ ಕ್ಯಾನು ತೆಗೆದುಕೊಂಡು ಪಂಪಿಗೆ ಹೋದಳು. ಊರವರು ಬೇಡ ಎಂದರು. ಫುಂಡಿ ಒಂಬತ್ತು ದಿನ ಒಬ್ಬನೇ ಕುಡಿದ, ನಾನೂ ಒಂಬತ್ತು ದಿನ ಒಬ್ಬಳೇ ಕುಡಿಯುತ್ತೇನೆ, ಆಮೇಲೆ ನನ್ನನ್ನು ನೋಡಿ ಎಂದಳಂತೆ. ಹತ್ತನೇ ದಿನ...

ಹತ್ತನೇ ದಿನ ಏನಾಯಿತು ಎಂದು ಅವನಿಗೆ ಕೇಳಿಸಲಿಲ್ಲ. ಅವನ ಕಿವಿ ರೆಹೆಮಾಳ ಮಾತು ಬಿಟ್ಟು ಅದರ ಹಿಂದಿನ ಸದ್ದಿಗೆ ಹೋಗಿತ್ತು. ಕಿರ್ರ್, ಟಕ್. ಕಿರ್ರ್, ಟಕ್. ಕ್ಯಾನಿನ ತಳಕ್ಕೆ ನೀರು ಬೀಳುವ ಸದ್ದು. ತುಂಬುತ್ತ ಬಂದಂತೆ ದನಿ ಸಣ್ಣಗಾಗಿ, ಇನ್ನೊಂದು ಕ್ಯಾನು ಇಟ್ಟ ಸದ್ದು. ಮಕ್ಕಳ ಗಲಾಟೆ. ಯಾರೋ ಹೆಂಗಸು ಸಾಲಿನಲ್ಲಿ ಜಗಳ ತೆಗೆದಿದ್ದಳು. ಅವನು ಮೆಸೇಜನ್ನು ಮತ್ತೆ ಹಾಕಿದ, ಮತ್ತೆ ಹಾಕಿದ. ಅರದಿಂದ ತೀಡಿದ ತನ್ನ ಬೋಲ್ಟು ಅಲ್ಲಿ ಟಕ್ ಟಕ್ ಎನ್ನುತ್ತಲೇ ಇತ್ತು.

ಇದನ್ನು ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎನಿಸಿ ದಡಕ್ಕನೆ ಎದ್ದ. ಎದ್ದವನು ಅಲ್ಲೇ ನಿಂತ. ಯಾರಿಗೆ ಹೇಳಬೇಕು? ಹೇಳುವುದಕ್ಕೆ ಇದ್ದವಳು ಒಬ್ಬಳು. ಅವಳಿಗೆ ಇದನ್ನು ಬಂದ ದಿನವೇ ಸುಳ್ಳು ಹೇಳಿ ಮುಗಿಸಿಬಿಟ್ಟಿದ್ದ. ಊರಿಗೆ ಊರೇ ಕುಡಿಯುತ್ತದೆ ಎಂದು ನಂಬಿರುವವಳಿಗೆ ಊರು ಕುಡಿಯುತ್ತಿದೆ ಎಂದು ಹೋಗಿ ಏನು ಹೇಳುವುದು? ಅವನ ಜನ್ಮಕ್ಕೆಲ್ಲ ಇದ್ದ ಒಂದೇ ಸಂತೋಷ ಅದು, ಅದನ್ನು ಹಿಡಿದುಕೊಂಡು ಕೆಂಪು ಪಂಪಿನ ಪಕ್ಕ ಒಬ್ಬನೇ ನಿಂತಿದ್ದ. ಇನ್ನೊಂದು ಸಲ ಮೆಸೇಜು ಹಾಕಿದ.

"ಲೇ ಹಾಲ," ಒಳಗಿನಿಂದ ಏಕನಾಥಮ್ಮ ಕೂಗಿದಳು. "ಅದೇನೋ ಅದು, ಬೋರಿಂಗ್ ಒತ್ತೋ ಸದ್ದು?"

"ಏನಿಲ್ಲಕ್ಕ. ಫೋನು."

"ನಿನ್ನ ಹದಿನೈದನೇದಾ?"

ಅವನು ಹೊಸಿಲ ಹತ್ತಿರ ಬಂದು ನಿಂತ. "ಹೂಂ."

ಏಕನಾಥಮ್ಮ ಕಿವಿಗೊಟ್ಟು ಕೇಳಿಸಿಕೊಂಡಳು. ಫೋನಿನಲ್ಲಿ ಇನ್ನೊಂದು ಕ್ಯಾನು ತುಂಬುತ್ತಿತ್ತು.

"ಅಂದ್ರೆ ಈಗ ಕುಡಿಯಾಕೆ ಶುರು ಮಾಡಿದ್ರು ಅನ್ನು," ಎಂದಳು.

ಹಾಲಸ್ವಾಮಿ ಹೊಸಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಗೋಡೆ ಹಿಡಿದು, ಆ ಸೊಟ್ಟ ಕಾಲನ್ನು ಎಳೆದುಕೊಂಡು ದೇವರ ಗೂಡಿನವರೆಗೆ ಹೋಗಿ ಕುಂಕುಮದ ಬಟ್ಟಲು ತಂದು ಅವನ ಪಕ್ಕದಲ್ಲಿ ಕೂತಳು.

"ಅತ್ತಿದ್ದು ಸಾಕು ಏಳು. ಆ ಪಾನಗಳ್ನ ತಗಂಬಾ ಇಲ್ಲಿ. ಕುಂಕುಮ ಇಡಾಣ."